ಮಂಗಳವಾರ, ಶುಕ್ರವಾರ ಇಲ್ಲದ ಶೀಟು

ಬೆಳಗಿನ ಐದು ಗಂಟೆ. ಮರಳವಾಡಿಯ ಹೊರಗೆ, ರೈತರ ಗುಂಪೊಂದು ನಡೆಸುವ ಚಾಕಿ ಕೇಂದ್ರದ ಬಾಗಿಲಲ್ಲಿ ಲತಾಮಣಿ ಮುಡಿಯಿಂದ ಕನಕಾಂಬರದ ತುಂಡನ್ನು ತೆಗೆದು ಗೋಡೆಯ ಮೊಳೆಗೆ ಸಿಕ್ಕಿಸುತ್ತಾರೆ. ರೇಷ್ಮೆ ಹುಳುವಿಗೆ ಹೂವಿನ ವಾಸನೆ ಆಗಿಬರುವುದಿಲ್ಲ. ಪೌಡರ್, ಊದುಬತ್ತಿ, ಒಗ್ಗರಣೆಯ ಘಾಟು ಯಾವುದೂ ಆಗದು. ಚಪ್ಪಲಿ ಬಿಟ್ಟು, ಸುಣ್ಣದ ನೀರಿನ ತೊಟ್ಟಿಯಲ್ಲಿ ಕಾಲು ಅದ್ದಿ ಒಳಗೆ ಕಾಲಿಟ್ಟರೆ ಆಮೇಲೆ ಮೂರು ಗಂಟೆ ಅವರು ಯಾರ ಮಾತಿಗೂ ಸಿಗುವವರಲ್ಲ.

ಒಳಗೆ ಇನ್ನೂರು ತಟ್ಟೆಗಳಲ್ಲಿ ಸಾಸಿವೆಗಿಂತ ಸಣ್ಣ ಹುಳುಗಳು ಹರಿದಾಡುತ್ತಿವೆ. ಹಿಪ್ಪುನೇರಳೆಯ ಎಳೆ ಸೊಪ್ಪನ್ನು ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚಿದ ಹಾಗೆ ಹೆಚ್ಚಿ ತಟ್ಟೆ ತಟ್ಟೆಗೂ ಉದುರಿಸಬೇಕು. ಹನ್ನೊಂದು ಹೆಂಗಸರು ಸಾಲಾಗಿ ನಿಂತು ಕೈ ಆಡಿಸುತ್ತಾರೆ. ಮೊಟ್ಟೆಯೊಡೆದ ಹುಳುವನ್ನು ಮೊದಲ ಏಳು ದಿನ ಹೀಗೆ ಕೂಸಿನಂತೆ ನೋಡಿಕೊಂಡು, ಆಮೇಲೆ ರೈತರ ಮನೆಗೆ ಒಪ್ಪಿಸುವುದು ಚಾಕಿ ಕೇಂದ್ರದ ಕೆಲಸ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಇನ್ನೂರಕ್ಕೂ ಹೆಚ್ಚು ಮನೆಗಳಿಗೆ ಇಲ್ಲಿಂದಲೇ ಹುಳು ಹೋಗುತ್ತದೆ.

ಇವತ್ತು ಮಾತ್ರ ಲತಾಮಣಿ ಒಂದು ನಿಯಮ ಮುರಿದಿದ್ದಾರೆ. ಎಂದೂ ಒಳಗೆ ತಾರದ ಮೊಬೈಲನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಾರೆ. ತಿಪ್ಪಸಂದ್ರದ ಶಿವಲಿಂಗಮ್ಮನ ಗೂಡು ಇವತ್ತು ರಾಮನಗರದ ಮಾರುಕಟ್ಟೆಯಲ್ಲಿ ತೂಕಕ್ಕೆ ಬೀಳುತ್ತದೆ. ಹೋದ ಆಷಾಢದಲ್ಲಿ ಈ ಕೇಂದ್ರದ ಹುಳು ಸಾಕಿ ಬೆಳೆಯನ್ನೂ ಹೆಸರನ್ನೂ ಒಟ್ಟಿಗೆ ಕಳೆದುಕೊಂಡ ಹೆಂಗಸು ಆಕೆ. ಒಂದು ವರ್ಷ ಈ ಕಡೆ ತಿರುಗಿಯೂ ನೋಡದೆ, ಈಗ ಅದೇ ಆಷಾಢದಲ್ಲಿ ಮತ್ತೆ ಹುಳು ಒಯ್ದಿದ್ದಾರೆ.

"ಒಂದು ಮಾತು ಕೊಟ್ಟಿವ್ನಿ ಅವ್ರಿಗೆ. ಅದು ಉಳಿದ್ರೆ ಸಾಕು," ಎನ್ನುತ್ತಾ ಲತಾಮಣಿ ಮುಂದಿನ ತಟ್ಟೆಗೆ ಕೈ ಹಾಕುತ್ತಾರೆ.

ಬೈರಮಂಗಲದ ಕಡೆಯಿಂದ ಮದುವೆಯಾಗಿ ಬಂದ ಲತಾಮಣಿಗೆ ಈಗ ಮೂವತ್ತೊಂಬತ್ತು. ಓದು ಎಸ್ಸೆಸ್ಸೆಲ್ಸಿಗೆ ಮುಗಿಯಿತು. ಒಂಬತ್ತು ವರ್ಷದ ಹಿಂದೆ ಸೊಪ್ಪು ಹೆಚ್ಚುವ ಕೆಲಸಕ್ಕೆ ಸೇರಿದವರು. ಕೇಂದ್ರದ ಗುಮಾಸ್ತ ಕೆಲಸ ಬಿಟ್ಟು ಹೋದಾಗ, ಅಧ್ಯಕ್ಷ ಚೆಲುವಯ್ಯನವರು ಎಲ್ಲ ಹೆಂಗಸರನ್ನೂ ಕೂರಿಸಿ ಒಂದೊಂದು ಸಾಲು ಬರೆಸಿ ನೋಡಿದರಂತೆ. ಲತಾಮಣಿಯ ಅಕ್ಷರ ದುಂಡಗಿತ್ತು. ಅಂದಿನಿಂದ ಬೆಳಿಗ್ಗೆ ಸೊಪ್ಪು, ಮಧ್ಯಾಹ್ನ ಪುಸ್ತಕ. ಯಾರ ಮನೆಗೆ ಎಷ್ಟು ಮೊಟ್ಟೆಯ ಹುಳು ಹೋಯಿತು, ಯಾವ ದಿನ ಹೋಯಿತು, ಕೊನೆಗೆ ಎಷ್ಟು ಕೆ.ಜಿ. ಗೂಡು ಬಂತು ಎಂಬುದೆಲ್ಲ ಆ ಪುಸ್ತಕದಲ್ಲಿರುತ್ತದೆ. ಇವರ ಲೆಕ್ಕದಲ್ಲಿ ಒಂದು ಮೊಟ್ಟೆ ಎಂದರೆ ಒಂದು ಚಿಟ್ಟೆ ಒಮ್ಮೆಗೆ ಇಡುವ ನಾನೂರು, ಐನೂರು ಮೊಟ್ಟೆಗಳ ಗುಂಪು. ಅಂಥ ನೂರು ಮೊಟ್ಟೆಗೆ ಎಪ್ಪತ್ತೈದು, ಎಂಬತ್ತು ಕೆ.ಜಿ. ಬಂದರೆ ಒಳ್ಳೆಯ ಬೆಳೆ. ನಲವತ್ತರ ಕೆಳಗೆ ಇಳಿದರೆ ಹುಳು ಹೋಯಿತೆಂದೇ ಲೆಕ್ಕ.

ಪುಸ್ತಕದ ಕೊನೆಯಲ್ಲಿ ಇನ್ನೊಂದು ಕಲಂ ಇತ್ತು: ಕಾರಣ. ಬೆಳೆ ಚೆನ್ನಾಗಿ ಬಂದರೆ ಅದು ಖಾಲಿ. ಕೆಟ್ಟರೆ ಮಾತ್ರ ಅಲ್ಲಿ ಏನಾದರೂ ಬರೆಯಬೇಕು. ಬಹಳ ಸಲ ಬರೆಯುತ್ತಿದ್ದದ್ದು ಎರಡೇ ಪದ, "ಸಾಕಣೆ ದೋಷ". ಎಂದರೆ ತಪ್ಪು ರೈತನದು. ಮನೆ ತೊಳೆದಿಲ್ಲ, ಸೊಪ್ಪು ಸರಿಯಿಲ್ಲ, ಗಾಳಿಯಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ಕುಣಿದವರು ಕೇಂದ್ರದವರು, ಡೊಂಕು ಎನಿಸಿಕೊಂಡದ್ದು ರೈತರ ಮನೆಯ ನೆಲ.

ಹೋದ ವರ್ಷ ಯುಗಾದಿಯ ಹೊತ್ತಿಗೆ ಕೇಂದ್ರ ದೊಡ್ಡದಾಯಿತು. ತಿಂಗಳಿಗೆ ಎರಡು ಸಲ ಮೊಟ್ಟೆಯೊಡೆಸಿ ಹುಳು ಎಬ್ಬಿಸುತ್ತಿದ್ದವರು ಹೆಚ್ಚುಕಡಿಮೆ ದಿನವೂ ಎಬ್ಬಿಸತೊಡಗಿದರು. ಪುಸ್ತಕದ ಜಾಗಕ್ಕೆ ಕಂಪ್ಯೂಟರ್ ಬಂತು, ಹೊರಗಿನವರು ಮಾಡಿಕೊಟ್ಟ ಒಂದು ಸಾಫ್ಟ್‌ವೇರ್ ಬಂತು. ಅದು ತಿಂಗಳಿಗೊಂದು ಹಾಳೆ ಕೊಡುತ್ತಿತ್ತು. ಒಟ್ಟು ಎಷ್ಟು ಮೊಟ್ಟೆ, ಸರಾಸರಿ ಎಷ್ಟು ಗೂಡು, ಅಷ್ಟೇ. ಅದಕ್ಕಿಂತ ಬೇರೆ ಏನಾದರೂ ತಿಳಿಯಬೇಕಿದ್ದರೆ ಫೋನ್ ಮಾಡಿ ಕಾಯಬೇಕು.

"ಊರಿಂದೂರ್ಗೆ ಎಷ್ಟು ಯತ್ಯಾಸ ಐತೆ ಒಸಿ ತೆಗ್ದುಕೊಡಿ ಅಂತ ಕೇಳ್ದೆ. ಹದಿನೈದು ದಿನ ಆಯ್ತದೆ ಅಂದ್ರು. ಹದಿನೈದು ದಿನಕ್ಕೆ ಹುಳ ಹಣ್ಣಾಗಿ ಗೂಡೇ ಕಟ್ಬುಡ್ತದೆ," ಎಂದು ಲತಾಮಣಿ ನಗುತ್ತಾರೆ.

ಆಗ ಆಷಾಢ ಬಂತು. ಮಳೆ ಹಿಡಿಯಿತು. ಒಂದಾದ ಮೇಲೊಂದು ಫೋನ್ ಬರತೊಡಗಿದವು. ಹುಳು ಸೊಪ್ಪು ತಿನ್ನುತ್ತಿಲ್ಲ, ಜೋತು ಬೀಳುತ್ತಿದೆ, ಕಪ್ಪಾಗಿ ವಾಸನೆ ಬರುತ್ತಿದೆ. ಮಳೆಗಾಲದ ಎರಡು ತಿಂಗಳಲ್ಲಿ ಮೂವತ್ತೊಂದು ಮನೆಗಳ ಬೆಳೆ ಪೂರ್ತಿ ಹೋಯಿತು. ಲತಾಮಣಿ ಎಂದಿನಂತೆ ಒಂದೊಂದರ ಮುಂದೆಯೂ "ಸಾಕಣೆ ದೋಷ" ಎಂದು ಒತ್ತಿದರು. ಶಿವಲಿಂಗಮ್ಮನಿಗಂತೂ ಫೋನಿನಲ್ಲೇ ಹೇಳಿಬಿಟ್ಟರು: "ಮನೆ ಸರ್ಯಾಗಿ ತೊಳ್ದಿಲ್ಲ ಅನ್ಸುತ್ತೆ ಕಣಕ್ಕ."

ಮೂವತ್ತನಾಲ್ಕು ವರ್ಷ ಹುಳು ಸಾಕಿದ ಕೈ ಅದು. ಆ ಮಾತು ಕೇಳಿದ ಶಿವಲಿಂಗಮ್ಮ ಫೋನ್ ಇಟ್ಟರು. ಮಾರನೆಯ ದಿನ ಗೂಡು ಕಟ್ಟಿಸುವ ಚಂದ್ರಿಕೆಗಳನ್ನೆಲ್ಲ ಕಟ್ಟಿ ಅಟ್ಟಕ್ಕೆ ಹಾಕಿದರು. ಹುಳದ ಮನೆಗೆ ಬೀಗ ಬಿತ್ತು.

ಉಳಿದ ರೈತರು ಸುಮ್ಮನಿರಲಿಲ್ಲ. ಭಾದ್ರಪದದ ಮೊದಲ ಸೋಮವಾರಕ್ಕೆ ಸಭೆ ಕರೆದರು. ಕೇಂದ್ರ ಮುಚ್ಚಬೇಕೋ, ನಡೆಸಬೇಕೋ, ಅದೊಂದೇ ವಿಷಯ. ಸಭೆಗೆ ಆರು ದಿನವಿತ್ತು. ಹನ್ನೊಂದು ಹೆಂಗಸರ ಕೆಲಸ, ಚೆಲುವಯ್ಯನವರು ಇಪ್ಪತ್ತು ವರ್ಷ ಕಟ್ಟಿದ ಹೆಸರು ಎರಡೂ ಆ ಸಭೆಯ ಮೇಲೆ ನಿಂತಿದ್ದವು. ತಿಂಗಳ ಹಾಳೆ ನೋಡಿದರೆ ಸರಾಸರಿ ಬಿದ್ದಿದೆ ಎಂದು ಹೇಳುತ್ತಿತ್ತೇ ಹೊರತು ಏಕೆ ಬಿದ್ದಿತೆಂದು ಬಾಯಿ ಬಿಡುತ್ತಿರಲಿಲ್ಲ.

ಆ ಸಾಫ್ಟ್‌ವೇರಿನ ಮೂಲೆಯಲ್ಲಿ ಒಂದು ಪುಟ್ಟ ಗುಂಡಿ ಇತ್ತು: ಎಕ್ಸೆಲ್‌ಗೆ ಇಳಿಸಿ. ಅದನ್ನು ಯಾರೂ ಮುಟ್ಟಿರಲಿಲ್ಲ. "ಅದ್ನ ಒತ್ತಿದ್ರೆ ಎಲ್ಲಾ ಅಳ್ಸೋಯ್ತದೆ ಅಂತ ನಂಗೆ ಹೆದ್ರಿಕೆ," ಎನ್ನುತ್ತಾರೆ ಲತಾಮಣಿ. ಕನಕಪುರದಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುವ ಸುಹಾನಾ ಆ ಹೆದರಿಕೆ ಬಿಡಿಸಿದವರು. ಲತಾಮಣಿ ಬಸ್ಸಿನಲ್ಲಿ ಹೋಗಿ, ಟೇಬಲ್ ಮೇಲೆ ಪೆನ್‌ಡ್ರೈವ್ ಇಟ್ಟು, "ನಂಗೆ ಇದ್ರ ಹೊಟ್ಟೇಲಿ ಏನೈತೆ ನೋಡೋದ್ ಕಲ್ಸಿ" ಎಂದರಂತೆ. ಎರಡು ಮಧ್ಯಾಹ್ನಗಳಲ್ಲಿ ಸುಹಾನಾ, ಒಂದೇ ಲೆಕ್ಕವನ್ನು ಬೇಕಾದ ಕಲಂ ಪ್ರಕಾರ ಗುಂಪು ಮಾಡಿ ತೋರಿಸುವ ಪಿವೋಟ್ ಟೇಬಲ್ ಕಲಿಸಿದರು.

"ಅಕ್ಕ, ಧೈರ್ಯವಾಗಿ ಎಳೆದಾಡಿ. ಈ ಕಲಂ ಇಲ್ಲಿಡಿ, ಆ ಕಲಂ ಅಲ್ಲಿಡಿ, ಕೆಟ್ಟರೆ ಮತ್ತೆ ಎಳೆಯಿರಿ. ಮೂಲ ಶೀಟಿಗೆ ಏನೂ ಆಗಲ್ಲ ಅಂದೆ. ಆ ಒಂದು ಮಾತಿಗೆ ಅವರ ಮುಖ ಅರಳಿದ್ದು ಇನ್ನೂ ಕಣ್ಣಲ್ಲಿದೆ," ಎಂದು ಸುಹಾನಾ ನೆನೆಯುತ್ತಾರೆ.

ಪಿವೋಟ್ ಎಂದರೇನು ಎಂದು ಕೇಳಿದರೆ ಲತಾಮಣಿ ಕೊಡುವ ವಿವರಣೆ ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. "ರಾಗಿ ಒಂದೇಯ. ಒಂದ್ಸಲ ಮೊರದಲ್ಲಿ ಕೇರ್ತೀವಿ, ಒಂದ್ಸಲ ಜರಡಿ ಹಿಡೀತೀವಿ. ಮೊರಕ್ಕೆ ಹೊಟ್ಟು ಹೋಯ್ತದೆ, ಜರಡಿಗೆ ಮಣ್ಣು ಇಳೀತದೆ. ರಾಗಿ ಕಮ್ಮಿ ಆಯ್ತದಾ? ಇದೂ ಹಂಗೇಯ."

ಅಡ್ಡಿ ಎದುರಾದದ್ದು ತಾರೀಖಿನ ಕಲಂನಲ್ಲಿ. ಹುಳು ಕೊಟ್ಟ ದಿನವನ್ನು ಕೇಂದ್ರದವರು ಬಾಯಿಗೆ ಬಂದಂತೆ ತುಂಬಿದ್ದರು. "ಭೀಮನ ಅಮಾವಾಸ್ಯೆ ಮಾರನೆ ದಿನ" ಎಂದು ಒಂದು ಕಡೆ, "ಚೆಲುವಯ್ಯನವರ ಮೊಮ್ಮಗಳ ನಾಮಕರಣ" ಎಂದು ಇನ್ನೊಂದು ಕಡೆ. ಮನುಷ್ಯರಿಗೆ ಗೊತ್ತಾಗುತ್ತದೆ, ಶೀಟಿಗೆ ಗೊತ್ತಾಗಬೇಕಲ್ಲ! ಪಂಚಾಂಗದ ಕ್ಯಾಲೆಂಡರನ್ನು ಮಡಿಲಲ್ಲಿಟ್ಟುಕೊಂಡು ಲತಾಮಣಿ ಎರಡು ದಿನ ಅದನ್ನೆಲ್ಲ ಅಂಕಿಗೆ ತಂದರು. ಗಂಡ ಬಾಲರಾಜು ಕೇಂದ್ರದ ಟೆಂಪೊ ಓಡಿಸಿ ಮನೆಮನೆಗೆ ಹುಳು ತಲುಪಿಸುವವರು. ಮರೆತ ದಿನಗಳನ್ನು ಅವರ ಡೀಸೆಲ್ ಚೀಟಿಗಳು ನೆನಪಿಸಿದವು. ಕೊನೆಗೆ ಮಳೆಗಾಲದ ಇನ್ನೂರ ಅರವತ್ತೆಂಟು ಸಾಲು ಸರಿಯಾಗಿ ಕೂತವು.

ಮೊದಲು ಊರಿನ ಪ್ರಕಾರ ಎಳೆದು ನೋಡಿದರು. ಎಲ್ಲ ಊರಲ್ಲೂ ಕೆಟ್ಟದ್ದೂ ಇತ್ತು, ಬೆಳೆದದ್ದೂ ಇತ್ತು. ಮೊಟ್ಟೆ ಬಂದ ಕಡೆಯ ಪ್ರಕಾರ ಎಳೆದರು, ಅಲ್ಲೂ ಏನಿಲ್ಲ. ಸೊಪ್ಪಿನ ತೋಟ, ರೈತರ ವಯಸ್ಸು, ಮನೆಗೆ ಇರುವ ದೂರ, ಯಾವುದಕ್ಕೂ ಜಗ್ಗಲಿಲ್ಲ. ಸಭೆಗೆ ಒಂದೇ ದಿನ ಉಳಿದಿತ್ತು. ತಾರೀಖಿನಿಂದ ವಾರ ತೆಗೆಯುವುದನ್ನೂ ಸುಹಾನಾ ಹೇಳಿಕೊಟ್ಟಿದ್ದರು. ಇದೂ ಒಂದು ಆಗಲಿ ಎಂದು ಹುಳು ಕೊಟ್ಟ ವಾರದ ಕಲಂ ಎಳೆದು ಬಿಟ್ಟರು.

ಏಳು ಸಾಲು ಬರಬೇಕಿತ್ತು, ಐದೇ ಬಂದವು.

"ಏನೋ ತಪ್ಪು ಮಾಡ್ಬುಟ್ಟೆ ಅಂತ ಮೂರು ಸಲ ಅಳ್ಸಿ ಎಳ್ದೆ. ಮತ್ತೆ ಐದೇಯ. ಮಂಗಳವಾರ ಇಲ್ಲ, ಶುಕ್ರವಾರ ಇಲ್ಲ. ಆಮೇಕೆ ಹಣೆ ಚಚ್ಕಂಡೆ. ಅವೆರಡು ದಿನ ನಾವು ಹುಳನೇ ಕೊಡಾಕಿಲ್ವಲ್ಲ!"

ರೇಷ್ಮೆ ಹುಳು ಎಂದರೆ ಈ ಭಾಗದಲ್ಲಿ ಲಕ್ಷ್ಮಿ. ಮಂಗಳವಾರ, ಶುಕ್ರವಾರ ಲಕ್ಷ್ಮಿಯನ್ನು ಮನೆಯಿಂದ ಹೊರಗೆ ಕಳಿಸುವುದುಂಟೇ? ಕೇಂದ್ರ ಶುರುವಾದ ದಿನವೇ ಚೆಲುವಯ್ಯನವರು ಹಾಕಿದ ಕಟ್ಟು ಅದು. ಆ ದಿನ ಹೋಗಬೇಕಾದ ಹುಳು ಮಾರನೆಯ ದಿನ ಹೋಗುತ್ತದೆ. ತಿಂಗಳಿಗೆ ಎರಡೇ ಸಲ ಹುಳು ಎಬ್ಬಿಸುವಾಗ ದಿನ ನೋಡಿಯೇ ಎಬ್ಬಿಸುತ್ತಿದ್ದರು, ತೊಂದರೆ ಇರಲಿಲ್ಲ. ದಿನವೂ ಎಬ್ಬಿಸಲು ಶುರುಮಾಡಿದ ಮೇಲೂ ಕಟ್ಟು ಹಾಗೇ ಉಳಿಯಿತು. ಅದು ಎಷ್ಟು ಸಹಜವಾಗಿತ್ತೆಂದರೆ ಯಾರ ತಲೆಗೂ ಅದೊಂದು ಸಂಗತಿ ಎಂದೇ ಹೊಳೆಯಲಿಲ್ಲ.

ಬುಧವಾರ, ಶನಿವಾರಗಳ ಸಾಲಿನಲ್ಲಿ ನೂರು ಮೊಟ್ಟೆಗೆ ಗೂಡು ಸರಾಸರಿ ಅರವತ್ತಮೂರು ಕೆ.ಜಿ. ಉಳಿದ ಮೂರು ದಿನ ಎಂಬತ್ತು. ಲತಾಮಣಿಗೆ ಈಗ ದಾರಿ ಕಂಡಿತು. ಹುಳು ಹುಟ್ಟಿದ ದಿನದಿಂದ ಕೊಟ್ಟ ದಿನಕ್ಕೆ ಎಷ್ಟು ದಿನ ಎಂದು ಹೊಸ ಕಲಂ ಮಾಡಿದರು. ಏಳು ದಿನಕ್ಕೆ ಹೋದ ನೂರ ತೊಂಬತ್ತನಾಲ್ಕು ಮನೆಗಳಲ್ಲಿ ಎಂಬತ್ತು ಕೆ.ಜಿ. ಎಂಟು ದಿನಕ್ಕೆ ಹೋದ ಎಪ್ಪತ್ತನಾಲ್ಕು ಮನೆಗಳಲ್ಲಿ ನಲವತ್ತಾರು. ಪೂರ್ತಿ ಕೆಟ್ಟ ಮೂವತ್ತೊಂದೂ ಆ ಎಪ್ಪತ್ತನಾಲ್ಕರೊಳಗೇ ಇದ್ದವು.

ಹುಳದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹುಳು ಬೆಳೆಯುತ್ತಾ ಆಗಾಗ ಸೊಪ್ಪು ಬಿಟ್ಟು, ತಲೆ ಎತ್ತಿ ಅಲ್ಲಾಡದೆ ಕೂತು ಪೊರೆ ಬಿಡುತ್ತದೆ. ಅದನ್ನು ಇಲ್ಲಿ ಜ್ವರ ಎನ್ನುತ್ತಾರೆ. ಎರಡನೇ ಜ್ವರಕ್ಕೆ ಕೂತ ದಿನವೇ ಹುಳುವನ್ನು ಸಾಗಿಸಬೇಕು. ಜ್ವರ ಬಿಟ್ಟು ಏಳುವಾಗ ಅದಕ್ಕೆ ಎಲ್ಲಿಲ್ಲದ ಹಸಿವು. ಆ ಮೊದಲ ಸೊಪ್ಪು ರೈತನ ಮನೆಯದೇ ಆಗಬೇಕೆಂಬುದು ವಾಡಿಕೆ, ಹಾಗಾಗಿ ಕೇಂದ್ರದಲ್ಲಿ ಹಾಕುವುದಿಲ್ಲ. ಒಂದು ದಿನ ತಡವಾದರೆ ಹುಳು ಇಲ್ಲೇ ಎದ್ದು, ಮಳೆಯ ಥಂಡಿಯಲ್ಲಿ ಬರೀ ಹೊಟ್ಟೆಯಲ್ಲಿ ಕಾದು, ಸೋತು, ಆಮೇಲೆ ಟೆಂಪೊ ಹತ್ತುತ್ತಿತ್ತು. ಬೇಸಿಗೆಯಲ್ಲಿ ಹೇಗೋ ತಡೆದುಕೊಂಡ ಹುಳು ಮಳೆಗಾಲದಲ್ಲಿ ರೋಗ ಹಿಡಿದು ಬಿತ್ತು. ರೈತರ ಮನೆಗಳು ಶುದ್ಧವಾಗೇ ಇದ್ದವು.

ಸಿಕ್ಕಿದ ಉತ್ತರ ಲತಾಮಣಿಗೆ ಸಂತೋಷವನ್ನೇನೂ ಕೊಡಲಿಲ್ಲ. ಮೂವತ್ತೊಂದು ಮನೆಯ ಮೇಲೆ ದೋಷ ಹೊರಿಸಿದ್ದು ಅವರದೇ ಬೆರಳು. ಇನ್ನು ಆ ಕಟ್ಟು ಹಾಕಿದವರು ಕೆಲಸ ಕೊಟ್ಟ ಚೆಲುವಯ್ಯ. ಶೀಟು ಮುಚ್ಚಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವತ್ತು ಸಂಜೆ ಬಾಲರಾಜು ಹೆಂಡತಿಗೆ ಹೇಳಿದ್ದು ಒಂದೇ ಮಾತು: "ನೀನ್ ಹೇಳ್ದೆ ಹೋದ್ರೆ ನಾಳಿಕ್ಕೆ ಆ ಹುಳಾನ ನಾನೇ ಅಲ್ವಾ ಹೊತ್ಕಂಡೋಗಿ ಅವರ ಮನೆ ಬಾಗ್ಲಿಗೆ ಹಾಕ್ಬೇಕು?"

ಸಭೆಯಲ್ಲಿ ಲತಾಮಣಿ ಗೋಡೆಗೆ ಬಿಳಿ ಪಂಚೆ ಕಟ್ಟಿಸಿ, ಸುಹಾನಾ ಕೊಟ್ಟ ಪ್ರೊಜೆಕ್ಟರಿನಲ್ಲಿ ಆ ಎರಡು ಸಾಲು ತೋರಿಸಿದರು. ಏಳು ದಿನ, ಎಂಬತ್ತು. ಎಂಟು ದಿನ, ನಲವತ್ತಾರು. "ತಪ್ಪು ನಿಮ್ದಲ್ಲ, ನಮ್ದು. ದೋಷ ಅಂತ ಬರ್ದೋಳು ನಾನು," ಎಂದು ಹೇಳಿ ಕೂತರು. ಗದ್ದಲ ಎದ್ದಿತು. ಎಪ್ಪತ್ತೆರಡು ವರ್ಷದ ಚೆಲುವಯ್ಯನವರು ಕೋಲೂರಿ ಎದ್ದು ಪಂಚೆಯ ಹತ್ತಿರ ಹೋಗಿ, ಒಂದೊಂದೇ ಅಂಕಿಯ ಮೇಲೆ ಬೆರಳಿಟ್ಟು ಓದಿದರು.

"ಲಕ್ಷ್ಮಿ ಆಚಿಕೆ ಹೋಗ್ಬಾರ್ದು ಅಂತ ಹಿಡ್ಕಂಡು, ಅವ್ಳನ್ನ ಉಪಾಸ ಕೆಡವ್ಬುಟ್ನಲ್ಲ ನಾನು," ಎಂದರು. ಆಮೇಲೆ ಲತಾಮಣಿಯ ಕಡೆ ತಿರುಗಿದರು: "ಕಳ್ಸೋ ದಿನ ಬದಲಾಯ್ಸಕ್ಕೆ ನನ್ ಮನ್ಸು ಒಪ್ಪಾಕಿಲ್ಲ ಕಣವ್ವ. ಹುಟ್ಟೋ ದಿನ ಬದಲಾಯ್ಸು."

ಅಷ್ಟೇ ಸಾಕಾಯಿತು. ಸೋಮವಾರ ಹುಟ್ಟಿದ ಹುಳು ಏಳು ದಿನಕ್ಕೆ, ಮತ್ತೆ ಸೋಮವಾರವೇ ಜ್ವರಕ್ಕೆ ಕೂರುತ್ತದೆ. ಮಂಗಳವಾರ, ಶುಕ್ರವಾರ ಹುಳು ಹುಟ್ಟದಂತೆ ಮೊಟ್ಟೆ ತರುವ ದಿನವನ್ನು ಹಿಂದೆ ಮುಂದೆ ಮಾಡಿದರು. ಸಂಪ್ರದಾಯಕ್ಕೂ ಭಂಗವಿಲ್ಲ, ಹುಳುವಿಗೂ ಉಪವಾಸವಿಲ್ಲ. ಕೇಂದ್ರ ಮುಚ್ಚಲಿಲ್ಲ.

ಲತಾಮಣಿ ತಮ್ಮ ಮಟ್ಟಿಗೆ ಇನ್ನೊಂದು ಕೆಲಸ ಮಾಡಿದರು. ಮೂವತ್ತೊಂದು ಸಾಲಿನ "ಸಾಕಣೆ ದೋಷ"ವನ್ನು ಒಂದೇ ಏಟಿಗೆ ಬದಲಾಯಿಸುವ ಉಪಾಯ ಎಕ್ಸೆಲ್‌ನಲ್ಲಿ ಉಂಟು, ಅವರಿಗೂ ಗೊತ್ತು. ಹಾಗೆ ಮಾಡಲಿಲ್ಲ. ಒಂದು ಹೆಸರು ಓದಿ, ಆ ಮನೆಗೆ ಫೋನ್ ಮಾಡಿ, ತಪ್ಪಾಯಿತು ಎಂದು ಹೇಳಿ, ಆಮೇಲೆ ಆ ಒಂದು ಸಾಲನ್ನು "ಕೇಂದ್ರದ ದೋಷ" ಎಂದು ತಿದ್ದುತ್ತಾ ಹೋದರು. ಕೆಲವರು ಬೈದರು, ಕೆಲವರು ನಕ್ಕರು. ಶಿವಲಿಂಗಮ್ಮ ಮಾತ್ರ ಫೋನ್ ಎತ್ತಲಿಲ್ಲ.

ಅರವತ್ತು ಕಿಲೋಮೀಟರಿಗೂ ಮೀರಿದ ದಾರಿ. ಎರಡು ಬಸ್ಸು ಬದಲಾಯಿಸಿ ಲತಾಮಣಿ ತಿಪ್ಪಸಂದ್ರಕ್ಕೆ ಹೋದರು. ಶಿವಲಿಂಗಮ್ಮ ಕೂರಿ ಎನ್ನಲಿಲ್ಲ. ಹುಳದ ಮನೆಯ ಬೀಗ ತೆಗೆದು ಒಳಗೆ ನಿಲ್ಲಿಸಿದರು. ಸುಣ್ಣ ಬಳಿದ ಗೋಡೆ, ಒಂದು ಎಳೆ ಕಸವಿಲ್ಲದ ನೆಲ. "ಮೂಸ್ ನೋಡವ್ವ. ಗಲೀಜು ಎಲ್ಲೈತೆ ತೋರ್ಸು," ಎಂದರು. ಹುಳು ಸಾಕದಿದ್ದರೂ ತಿಂಗಳಿಗೊಮ್ಮೆ ಆಕೆ ಆ ಮನೆ ತೊಳೆಯುತ್ತಿದ್ದರು. ಲತಾಮಣಿ ಅಲ್ಲೇ ಅತ್ತುಬಿಟ್ಟರು. "ಮುಂದ್ಕೆ ನಿಮ್ಮನೆಗೆ ಉಪಾಸದ ಹುಳ ಬರಾಕಿಲ್ಲ, ಇದು ನನ್ ಮಾತು ಕಣಕ್ಕ" ಎಂದು ಹೇಳಿ ಹಿಂದಿರುಗಿದರು.

ಹತ್ತು ತಿಂಗಳು ಸುದ್ದಿಯಿಲ್ಲ. ಈ ವರ್ಷ ಮಳೆ ಶುರುವಾದ ಮೇಲೆ ಒಂದು ದಿನ ಫೋನ್ ಬಂತು. "ನೂರು ಮೊಟ್ಟೆ ಬರ್ಕೊ. ವಾರ ಯಾವ್ದು ಅಂತ ನಾನ್ ಕೇಳಾಕಿಲ್ಲ, ಅದ ನೀನೇ ನೋಡ್ಕೊ." ಬೇಕೆಂದೇ ಆಕೆ ಆಷಾಢವನ್ನೇ ಆರಿಸಿಕೊಂಡಿದ್ದರು.

ಎಂಟು ಗಂಟೆಗೆ ಸೊಪ್ಪಿನ ಕೆಲಸ ಮುಗಿಯುತ್ತದೆ. ಲತಾಮಣಿ ಕೈ ತೊಳೆದು ಪಕ್ಕದ ಕೋಣೆಗೆ ಬರುತ್ತಾರೆ. ಎಷ್ಟು ತೊಳೆದರೂ ಬೆರಳ ತುದಿಯ ಹಸಿರು ಹೋಗುವುದಿಲ್ಲ. ಸುಣ್ಣದ ಧೂಳು ಬೀಳದಂತೆ ಹಳೆಯ ಲ್ಯಾಪ್‌ಟಾಪಿಗೆ ಹತ್ತಿ ಸೀರೆಯ ತುಂಡು ಹೊದಿಸಿದ್ದಾರೆ. ದಿನಕ್ಕೆ ಇಪ್ಪತ್ತರಿಂದ ಇಪ್ಪತ್ತೈದು ಫೋನ್, ಅಷ್ಟೇ ಹೊಸ ಸಾಲು, ಆಮೇಲೆ ಒಂದು ರಿಫ್ರೆಶ್. ಯಾವ ಮನೆಯ ಹುಳು ಯಾವ ಹಂತದಲ್ಲಿದೆ, ಎಲ್ಲಿ ಏರುಪೇರಾಗಿದೆ ಎಂದು ಹತ್ತು ಗಂಟೆಯೊಳಗೆ ಅವರಿಗೆ ಗೊತ್ತಿರುತ್ತದೆ. ಎರಡನೇ ಶನಿವಾರ ಮಾಗಡಿ, ಚನ್ನಪಟ್ಟಣದ ಕಡೆಯ ಕೇಂದ್ರಗಳ ನಾಲ್ಕು ಜನ ಗುಮಾಸ್ತರು ಕಲಿಯಲು ಬರುತ್ತಾರೆ. ಅವರಿಗೆ ಲತಾಮಣಿ ಮೊದಲು ಕಂಪ್ಯೂಟರ್ ಮುಟ್ಟಗೊಡುವುದಿಲ್ಲ, ಕೈಗೆ ಕಾಗದ ಕೊಡುತ್ತಾರೆ. "ನಿಮ್ಗೆ ಏನ್ ಗೊತ್ತಾಗ್ಬೇಕು ಅದ ಬರೀರಿ. ಪ್ರಶ್ನೆ ಇಲ್ದೆ ಎಳೆದಾಡಿದ್ರೆ ಬಣ್ಣ ಬಣ್ಣದ ಚಾರ್ಟ್ ಬತ್ತದೆ, ಬುದ್ಧಿ ಬರಾಕಿಲ್ಲ."

ಆಸೆ ಏನಿದೆ ಎಂದರೆ ದೊಡ್ಡದೇನೂ ಹೇಳುವುದಿಲ್ಲ. "ನಾಳಿಕ್ಕೆ ನಾನಿಲ್ದೆ ಹೋದ್ರೂ ಸೊಪ್ಪು ಹೆಚ್ಚೋ ಹೆಂಗಸ್ರಲ್ಲಿ ಒಬ್ರು ಬಂದು ಈ ಶೀಟ್ ಮುಂದೆ ಕೂತು, ಯಾರ್ಗೂ ಕಾಯ್ದೆ ಉತ್ರ ತಕೊಂಡು ಏಳ್ಬೇಕು. ಅಷ್ಟಾದ್ರೆ ಸಾಕು." ಈಗಾಗಲೇ ಇಬ್ಬರು ಕಲಿಯುತ್ತಿದ್ದಾರೆ ಎನ್ನುವಾಗ ಅವರ ದನಿಯಲ್ಲಿ ಹೆಮ್ಮೆ ಮುಚ್ಚಿಡಲಾಗದಷ್ಟಿದೆ.

ಹನ್ನೊಂದೂ ಕಾಲಿಗೆ ಮೊಬೈಲ್ ಬಡಿದುಕೊಳ್ಳುತ್ತದೆ. ರಾಮನಗರದ ಮಾರುಕಟ್ಟೆಯ ಗದ್ದಲದ ನಡುವೆ ಶಿವಲಿಂಗಮ್ಮನ ದನಿ ಸ್ಪಷ್ಟವಾಗಿ ಕೇಳುತ್ತದೆ.

"ತೊಂಬತ್ತೊಂದು ಬರ್ಕೊ."

ಈ ಮಳೆಗಾಲದಲ್ಲಿ ಇಡೀ ಶೀಟಿನಲ್ಲಿ ಅಷ್ಟು ದೊಡ್ಡ ಅಂಕಿ ಇಲ್ಲ. "ಅಕ್ಕಾ," ಎನ್ನುತ್ತಾರೆ ಲತಾಮಣಿ. "ಅಕ್ಕ ಗಿಕ್ಕ ಆಮೇಲೆ. ಮುಂದಿನ್ ಸಲಕ್ಕೆ ನೂರೈವತ್ತು ಮೊಟ್ಟೆ ಇಡು," ಎಂದು ಆ ಕಡೆಯಿಂದ ಫೋನ್ ಕಟ್ ಆಗುತ್ತದೆ.

ಲತಾಮಣಿ ಗೂಡಿನ ಕಲಂನಲ್ಲಿ 91 ಎಂದು ಒತ್ತುತ್ತಾರೆ. ಮುಂದಿನ ಕಲಂ ಕಾರಣದ್ದು. ಬೆಳೆ ಬಂದರೆ ಅದು ಖಾಲಿ ಇರಬೇಕು. ಇಷ್ಟು ವರ್ಷದಲ್ಲಿ ಯಾವ ಒಳ್ಳೆಯ ಬೆಳೆಗೂ ಅಲ್ಲಿ ಯಾರೂ ಏನೂ ಬರೆದಿಲ್ಲ. ಕರ್ಸರ್ ಅಲ್ಲಿ ಮಿನುಗುತ್ತಾ ನಿಲ್ಲುತ್ತದೆ. ಹಸಿರು ಹತ್ತಿದ ಬೆರಳಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಅವರು ಬರೆಯುತ್ತಾರೆ: ಶಿವಲಿಂಗಮ್ಮನ ಕೈಗುಣ.

"ಇದು ಯಾವ ಲೆಕ್ಕಕ್ಕೂ ಬರಾಕಿಲ್ಲ," ಎನ್ನುತ್ತಾರೆ, ಕಣ್ಣೊರೆಸಿಕೊಂಡು. "ಆದ್ರೂ ಇರ್ಲಿ."